ಒಂದೇ ಗಿಟಾರಿನ ಗಾಯಕ: ಎಡ್ ಶೀರನ್ ಬಗ್ಗೆ ಓದುಗರ ಪ್ರಶ್ನೆ, ಸಂಗೀತ ಶಿಕ್ಷಕರ ಉತ್ತರ

ಕಳೆದ ತಿಂಗಳ ಅಂಕಣದಲ್ಲಿ ಇಂಗ್ಲೆಂಡಿನ ಪಾಪ್ ಗಾಯಕ ಎಡ್ ಶೀರನ್ ಅವರ ಹೆಸರನ್ನು ಒಂದೇ ಒಂದು ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಆ ಸಾಲನ್ನು ಹಿಡಿದು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಸಾಕಷ್ಟು ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಆಯ್ದು, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮೊಮ್ಮಗಳು ದಿನವಿಡೀ ಎಡ್ ಶೀರನ್ ಅವರ ಹಾಡು ಕೇಳುತ್ತಾಳೆ. ನಾನೂ ಮೊಬೈಲಿನಲ್ಲಿ ನೋಡಿದೆ. ಅಷ್ಟು ದೊಡ್ಡ ಮೈದಾನದಲ್ಲಿ ಒಬ್ಬರೇ ಗಿಟಾರು ಹಿಡಿದು ನಿಂತಿರುತ್ತಾರೆ, ಹಿಂದೆ ವಾದ್ಯದವರು ಯಾರೂ ಇರುವುದಿಲ್ಲ, ಆದರೂ ಹತ್ತು ಜನ ನುಡಿಸಿದಷ್ಟು ಸದ್ದು ಕೇಳುತ್ತದೆ. ಇವರು ಯಾರು? ಮೊಮ್ಮಗಳು ಹೇಳುವ ‘ಸಿಂಗರ್ ಸಾಂಗ್‌ರೈಟರ್’ ಎಂದರೇನು?
– ನಿವೃತ್ತ ಶಿಕ್ಷಕರು, ಮಾನ್ವಿ

ಉತ್ತರ: ಗುರುಗಳೇ, ಕೊನೆಯ ಪ್ರಶ್ನೆಗೆ ಉತ್ತರ ನಿಮ್ಮ ಊರಿನಲ್ಲೇ ಇದೆ. ಮಾತನ್ನೂ ತಾನೇ ಕಟ್ಟಿ, ಧಾಟಿಯನ್ನೂ ತಾನೇ ಕಟ್ಟಿ ಹಾಡುವವರನ್ನು ನಮ್ಮ ಸಂಗೀತಶಾಸ್ತ್ರ ‘ವಾಗ್ಗೇಯಕಾರ’ ಎಂದು ಕರೆಯುತ್ತದೆ. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು ನಡೆದಾಡಿದ ನೆಲದಲ್ಲಿ ಈ ಪದವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ದಾಸರ ಭಕ್ತಿಯನ್ನೂ ಪಾಪ್ ಹಾಡಿನ ಲೋಕವನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ನುಡಿ ಮತ್ತು ಸ್ವರ ಎರಡೂ ಒಬ್ಬರ ಬಾಯಲ್ಲೇ ಹುಟ್ಟುವ ಕಸುಬಿನ ಮಟ್ಟಿಗೆ ಮಾತ್ರ ಈ ಹೋಲಿಕೆ. ನಮ್ಮ ಸಿನಿಮಾ ಸಂಗೀತದಲ್ಲಿ ಸಾಹಿತಿ, ಸಂಗೀತ ನಿರ್ದೇಶಕ, ಗಾಯಕ ಎಂದು ಕೆಲಸ ಮೂವರಿಗೆ ಹಂಚಿಹೋಗಿರುವುದರಿಂದ ಮೂರನ್ನೂ ಮಾಡುವ ಒಬ್ಬರನ್ನು ಕಂಡಾಗ ನಮಗೆ ಹೊಸದೆನಿಸುತ್ತದೆ.

ಎಡ್ ಶೀರನ್ ಹುಟ್ಟಿದ್ದು 1991ರ ಫೆಬ್ರವರಿ 17ರಂದು, ಉತ್ತರ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನಲ್ಲಿ. ಬೆಳೆದದ್ದು ಸಫೊಕ್ ಪ್ರಾಂತ್ಯದ ಫ್ರಾಮ್ಲಿಂಗ್‌ಹ್ಯಾಮ್ ಎಂಬ ಸಣ್ಣ ಊರಿನಲ್ಲಿ. ನಾಲ್ಕರ ವಯಸ್ಸಿಗೆ ಚರ್ಚಿನ ಗಾಯನ ತಂಡ ಸೇರಿದ ಅವರು, 11ನೆಯ ವಯಸ್ಸಿನಲ್ಲಿ ಐರ್ಲೆಂಡಿನಲ್ಲಿ ಡೇಮಿಯನ್ ರೈಸ್ ಎಂಬ ಗಾಯಕರ ಸಣ್ಣದೊಂದು ಕಚೇರಿ ಕೇಳಿ, ಮುಗಿದ ಮೇಲೆ ಅವರನ್ನು ಮಾತನಾಡಿಸಿ ಬಂದವರು, ತಾವೂ ಹಾಡು ಬರೆಯಬೇಕೆಂದು ನಿಶ್ಚಯಿಸಿದರು. ಹದಿಮೂರು–ಹದಿನಾಲ್ಕರ ವಯಸ್ಸಿನಿಂದಲೇ ತಮ್ಮ ಹಾಡುಗಳನ್ನು ಮನೆಯಲ್ಲೇ ಮುದ್ರಿಸಿ, ಸಿ.ಡಿ. ಮಾಡಿ, ಬೆನ್ನಚೀಲದಲ್ಲಿ ಹೊತ್ತು ಮಾರುತ್ತಿದ್ದರು. 2008ರಲ್ಲಿ ಶಾಲೆ ಬಿಟ್ಟು ಲಂಡನ್ನಿಗೆ ಹೋದರು. 2009ರ ಒಂದೇ ವರ್ಷದಲ್ಲಿ ಅವರು 312 ಕಡೆ ಹಾಡಿದರೆಂಬುದು ಅವರ ಬದುಕಿನ ಕತೆ ಹೇಳುವವರೆಲ್ಲ ತಪ್ಪದೆ ಹೇಳುವ ಮಾತು. ಇನ್ನೊಬ್ಬ ಗಾಯಕರು ವರ್ಷಕ್ಕೆ 200 ಕಡೆ ಹಾಡಿದ್ದನ್ನು ಓದಿ, ತಾನು ಅದನ್ನು ಮೀರಬೇಕೆಂದು ಹಟ ತೊಟ್ಟು ಮಾಡಿದ ಕೆಲಸ ಅದು. ಆ ಸಭೆಗಳು ಮೈದಾನಗಳಲ್ಲಿ ನಡೆದವುಗಳಲ್ಲ; ಕುಡಿಯಲು ಬಂದವರು ಬೆನ್ನು ತಿರುಗಿಸಿ ಹರಟುತ್ತಿದ್ದ ಪಬ್ಬುಗಳ ಮೂಲೆಗಳವು. ಕೇಳಲು ಬಾರದವರನ್ನು ಕೇಳುವಂತೆ ಮಾಡುವ ವಿದ್ಯೆ ಆ ಮೂಲೆಗಳಲ್ಲಿ ಕೈವಶವಾಯಿತು ಎಂಬುದು ನನ್ನ ದೃಢವಾದ ನಂಬಿಕೆ.

ಇನ್ನು ಹತ್ತು ಜನರ ಸದ್ದಿನ ವಿಷಯ. ಅವರ ಕಾಲ ಬಳಿ ‘ಲೂಪ್ ಪೆಡಲ್’ ಎಂಬ ಯಂತ್ರವಿರುತ್ತದೆ. ಅದರ ಗುಂಡಿಯನ್ನು ಪಾದದಿಂದ ಒತ್ತಿ, ಗಿಟಾರಿನ ಮರದ ಮೈಯನ್ನು ಅಂಗೈಯಿಂದ ತಟ್ಟಿ ಒಂದು ಆವರ್ತದಷ್ಟು ಲಯವನ್ನು ಅದರಲ್ಲಿ ತುಂಬಿಸುತ್ತಾರೆ. ಮತ್ತೆ ಒತ್ತಿದ ಕೂಡಲೇ ಆ ಲಯ ತನ್ನಷ್ಟಕ್ಕೆ ತಾನೇ ಸುತ್ತತೊಡಗುತ್ತದೆ. ಅದರ ಮೇಲೆ ತಂತಿಯ ನಾದ, ಅದರ ಮೇಲೆ ತಮ್ಮದೇ ದನಿಯ ಹಿಮ್ಮೇಳ, ಹೀಗೆ ಪದರದ ಮೇಲೆ ಪದರ ಸೇರುತ್ತ ಹೋಗುತ್ತದೆ. ಎಲ್ಲವೂ ಆ ಹೊತ್ತಿನಲ್ಲಿ, ಸಭೆಯ ಎದುರಿನಲ್ಲೇ ಆಗಬೇಕು. ಮೊದಲ ಪೆಟ್ಟು ಎಳ್ಳಷ್ಟು ಜಾರಿದರೂ ಹಾಡು ಮುಗಿಯುವವರೆಗೆ ಆ ತಪ್ಪು ಲಯದ ಜೊತೆಯಲ್ಲೇ ಸುತ್ತುತ್ತಿರುತ್ತದೆ. 2015ರ ಜುಲೈಯಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಅವರು ಮೂರು ರಾತ್ರಿ ಹೀಗೆ ಒಂಟಿಯಾಗಿ ಹಾಡಿದರು. ಒಂದು ಕೈಯಲ್ಲಿ ಏಕತಾರಿ ಮೀಟುತ್ತ, ಇನ್ನೊಂದರಲ್ಲಿ ತಾಳ ಹಾಕುತ್ತ ಬೆಳಗಿನವರೆಗೆ ತತ್ವಪದ ಹಾಡುವವರನ್ನು ಕಂಡ ನಮ್ಮ ಭಾಗದವರಿಗೆ, ಒಬ್ಬನೇ ಮನುಷ್ಯ ಒಂದು ಮೇಳವಾಗುವ ಈ ಕಷ್ಟದ ಬೆಲೆ ಬೇಗ ತಿಳಿಯುತ್ತದೆ.

ಹೆಸರು ಬಂದ ನಂತರದ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2010ರಲ್ಲಿ ಜಮಾಲ್ ಎಡ್ವರ್ಡ್ಸ್ ಎಂಬ ಯುವಕ ನಡೆಸುತ್ತಿದ್ದ ಯೂಟ್ಯೂಬ್ ವಾಹಿನಿಯಲ್ಲಿ ಅವರ ಹಾಡು ಬಂದಿತು. 2011ರ ಜನವರಿಯಲ್ಲಿ ಯಾವ ದೊಡ್ಡ ಕಂಪನಿಯ ಆಸರೆಯೂ ಇಲ್ಲದೆ ಹೊರತಂದ ಹಾಡುಗಳ ಗುಚ್ಛ, ಅಂತರ್ಜಾಲದಲ್ಲಿ ಹಾಡು ಮಾರುವ ಐಟ್ಯೂನ್ಸ್‌ನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಅದೇ ಸೆಪ್ಟೆಂಬರಿನಲ್ಲಿ ಮೊದಲ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. ಆಲ್ಬಮ್‌ಗಳಿಗೆ ಕೂಡುವ, ಗುಣಿಸುವ, ಭಾಗಿಸುವ ಚಿಹ್ನೆಗಳನ್ನೇ ಹೆಸರಾಗಿಟ್ಟವರು ಅವರು. 2017ರ ಮಾರ್ಚ್‌ನಲ್ಲಿ ಭಾಗಾಕಾರದ ಆಲ್ಬಮ್ ಬಂದಾಗ ಅದರ 16 ಹಾಡುಗಳೂ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ 20ರಲ್ಲಿ ಒಟ್ಟಿಗೇ ತುಂಬಿಕೊಂಡವು. ಆ ಬಳಿಕ, ಒಬ್ಬ ಮುಖ್ಯ ಗಾಯಕರ ಮೂರು ಹಾಡುಗಳಿಗಿಂತ ಹೆಚ್ಚು ಏಕಕಾಲದಲ್ಲಿ ಸೇರದಂತೆ ಪಟ್ಟಿಯ ನಿಯಮವನ್ನೇ ತಿದ್ದಲಾಯಿತು.

ಪ್ರಶ್ನೆ: ನಾನು ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿ. ಚಿಕ್ಕಂದಿನಿಂದ ಉಗ್ಗು ಇದೆ. ತರಗತಿಯಲ್ಲಿ ಹಾಜರಿ ಹೇಳುವುದಕ್ಕೂ ಅಂಜುತ್ತೇನೆ. ಆದರೆ ಹಾಡುವಾಗ ಒಂದು ಅಕ್ಷರವೂ ತಡೆಯುವುದಿಲ್ಲ. ಎಡ್ ಶೀರನ್ ಅವರಿಗೂ ಉಗ್ಗು ಇತ್ತು, ಹಾಡಿನಿಂದ ಹೋಯಿತು ಎಂದು ಗೆಳೆಯರು ಹೇಳುತ್ತಾರೆ. ನಿಜವೇ? ನಾನು ವೇದಿಕೆ ಏರಬಹುದೇ?
– ಓದುಗ, ಕೊಪ್ಪಳ

ಉತ್ತರ: ತಮ್ಮಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಗೆಳೆಯರು ಹೇಳಿದ್ದು ನಿಜ, ಮತ್ತು ಅದನ್ನು ಸ್ವತಃ ಶೀರನ್ ಅವರೇ 2015ರಲ್ಲಿ ನ್ಯೂಯಾರ್ಕ್‌ನಲ್ಲಿ, ಉಗ್ಗು ಇರುವವರಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದರ ಸಮಾರಂಭದಲ್ಲಿ ಬಿಚ್ಚುಮನಸ್ಸಿನಿಂದ ಹೇಳಿಕೊಂಡಿದ್ದಾರೆ. ಹುಟ್ಟುವಾಗಲೇ ಅವರ ಮುಖದ ಮೇಲೆ ಕೆಂಪು ಮಚ್ಚೆಯಿತ್ತು. ಅದನ್ನು ತೆಗೆಸಲು ಎಳೆತನದಲ್ಲಿ ಲೇಸರ್ ಚಿಕಿತ್ಸೆ ಮಾಡಿಸುತ್ತಿದ್ದಾಗ ಒಂದು ಸಲ ಮರವಿನ ಮುಲಾಮು ಹಚ್ಚಲು ಮರೆತುಹೋಯಿತೆಂದೂ, ಉಗ್ಗು ಶುರುವಾದದ್ದು ಆಗಿನಿಂದಲೆಂದೂ ಅವರ ನೆನಪು. ದಪ್ಪ ಕನ್ನಡಕ, ಕೆಂಗೂದಲು, ಉಗ್ಗು, ಇಷ್ಟೂ ಸೇರಿದ ಹುಡುಗನನ್ನು ಶಾಲೆಯ ಮಕ್ಕಳು ಸುಮ್ಮನೆ ಬಿಡುತ್ತಾರೆಯೇ? ಒಂಬತ್ತರ ವಯಸ್ಸಿನಲ್ಲಿ ಮನೆಗೆ ಅಮೆರಿಕದ ರ‍್ಯಾಪ್ ಗಾಯಕ ಎಮಿನೆಮ್ ಅವರ ಆಲ್ಬಮ್ ಬಂದಿತು. ಉಸಿರು ಬಿಡದಂತೆ ವೇಗವಾಗಿ, ಆದರೆ ತಾಳ ತಪ್ಪದಂತೆ ಓಡುವ ಆ ಸಾಲುಗಳನ್ನು ಹತ್ತು ತುಂಬುವುದರೊಳಗೆ ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿದರು. ಆ ಅಭ್ಯಾಸದಿಂದ ಉಗ್ಗು ಹಿಂದೆ ಸರಿಯಿತು ಎಂಬುದು ಅವರ ಮಾತಿನ ಸಾರ.

ಇದರಲ್ಲಿ ಪವಾಡವೇನೂ ಇಲ್ಲ. ಉಗ್ಗು ಇರುವವರಲ್ಲಿ ಹೆಚ್ಚಿನವರು ಹಾಡುವಾಗ ಉಗ್ಗುವುದಿಲ್ಲ ಎಂಬುದು ವಾಕ್ ಚಿಕಿತ್ಸಕರು ಬಹಳ ಹಿಂದಿನಿಂದ ಬಲ್ಲ ಸಂಗತಿ. ಹಾಡಿನಲ್ಲಿ ಮುಂದಿನ ಪದ ಯಾವುದೆಂದು ಮೊದಲೇ ಗೊತ್ತಿರುತ್ತದೆ, ಸ್ವರಗಳು ಎಳೆದುಕೊಂಡು ಒಂದಕ್ಕೊಂದು ಕೂಡಿರುತ್ತವೆ, ತಾಳ ಪ್ರತಿ ಅಕ್ಷರಕ್ಕೂ ಅದರ ಸ್ಥಳವನ್ನು ತೋರಿಸಿಕೊಡುತ್ತದೆ. ಮಾತಿನಲ್ಲಿ ಇವು ಯಾವುವೂ ಇಲ್ಲ. ಆದ್ದರಿಂದಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ: ಹಾಡಿನಲ್ಲಿ ಸಿಕ್ಕ ಸರಾಗ ತನ್ನಷ್ಟಕ್ಕೆ ತಾನೇ ಮಾತಿಗೆ ಇಳಿದುಬರುತ್ತದೆಂಬ ಭರವಸೆ ಎಲ್ಲರಿಗೂ ಇಲ್ಲ. ಶೀರನ್ ತಮ್ಮ ಉಗ್ಗಿಗೆ ಕೊಡುವ ಕಾರಣವೂ ಎಲ್ಲರಿಗೆ ಹೊಂದುವಂಥದಲ್ಲ. ಹುಟ್ಟಿನಿಂದ ಬರುವ ನರಗಳ ಬೆಳವಣಿಗೆಯ ಭೇದವೂ ವಂಶವಾಹಿಯೂ ಇದರಲ್ಲಿ ದೊಡ್ಡ ಪಾಲು ಪಡೆದಿವೆ ಎಂದು ತಜ್ಞರು ತಿಳಿದಿದ್ದಾರೆ. ನಾಲಿಗೆ ಕೆಳಗೆ ಕಲ್ಲುಸಕ್ಕರೆ ಇಟ್ಟುಕೋ, ಬಜೆ ತೇದು ನೆಕ್ಕು ಎಂದು ಹೇಳುವವರ ಮಾತಿನ ಮೇಲೆ ಇನ್ನಷ್ಟು ವರ್ಷ ಕಳೆಯಬೇಡಿ. ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ರಜೆಯಲ್ಲಿ ಒಮ್ಮೆ ಹೋಗಿ ತೋರಿಸಿ.

ವೇದಿಕೆ ಏರಬಹುದೇ ಎಂದು ಕೇಳಿದ್ದೀರಿ. ಏರಲೇಬೇಕು. ಹಾಡಿನ ಮೊದಲು ಹೆಸರು, ಊರು ಹೇಳುವ ಗೋಜಿಗೆ ಮೊದಮೊದಲು ಹೋಗಬೇಡಿ. ಅದನ್ನು ನಿರೂಪಕರಿಗೆ ಬರೆದುಕೊಡಿ, ಶ್ರುತಿ ಹಿಡಿದು ನೇರವಾಗಿ ಹಾಡಿಗೆ ಇಳಿಯಿರಿ. ನನ್ನ ಬಳ್ಳಾರಿಯ ತರಗತಿಯಲ್ಲಿ ಉಗ್ಗು ಇದ್ದ ಹುಡುಗಿಯೊಬ್ಬಳು ಎರಡು ವರ್ಷ ಹೀಗೆಯೇ ಹಾಡಿದಳು, ಮೂರನೆಯ ವರ್ಷ ತಾನೇ ಮೈಕು ಹಿಡಿದು ‘ಈಗ ನಾನು ಹಾಡುವ ವಚನ’ ಎಂದು ಹೇಳುವಷ್ಟಾದಳು. ‘ವಚನ’ದ ವಕಾರದಲ್ಲಿ ಅವಳು ತಡೆದು ನಿಂತಾಗ ಸಭೆಯೂ ಅವಳ ಜೊತೆ ಕಾದಿತು, ಯಾರೊಬ್ಬರೂ ನಗಲಿಲ್ಲ.

ಪ್ರಶ್ನೆ: ಮಗನಿಗೆ ಈಗ 19 ವರ್ಷ. ತಾನೇ ಹಾಡು ಬರೆದು ಗಿಟಾರು ಬಾರಿಸಿಕೊಂಡು ಹಾಡುತ್ತಾನೆ. ಎಡ್ ಶೀರನ್ ರೈಲಿನಲ್ಲಿ ಮಲಗಿ ದೊಡ್ಡವರಾದರು, ನಾನೂ ಡಿಗ್ರಿ ಬಿಟ್ಟು ಬೆಂಗಳೂರಿಗೆ ಹೋಗುತ್ತೇನೆ ಎನ್ನುತ್ತಾನೆ. ಅವನ ತಂದೆ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ, ನಮಗೆ ಇದು ತಿಳಿಯುವುದಿಲ್ಲ. ಕಳಿಸೋಣವೇ ಸರ್?
– ಒಬ್ಬ ತಾಯಿ, ಗಂಗಾವತಿ

ಉತ್ತರ: ತಾಯೀ, ಈಗಲೇ ಕಳಿಸಬೇಡಿ. ಅವನ ಆಸೆಗೆ ಅಡ್ಡ ಬರಲೆಂದು ನಾನು ಹೀಗೆ ಹೇಳುತ್ತಿಲ್ಲ. ಆ ಕತೆಯನ್ನು ಅವನು ಅರ್ಧ ಮಾತ್ರ ಓದಿದ್ದಾನೆ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ. ಲಂಡನ್ನಿನಲ್ಲಿ ಇರಲು ಮನೆಯಿಲ್ಲದ ದಿನಗಳಲ್ಲಿ ಶೀರನ್ ಗೆಳೆಯರ ಸೋಫಾಗಳ ಮೇಲೆ ಮಲಗಿದ್ದು ನಿಜ, ಸುತ್ತು ಹಾಕುವ ಭೂಗತ ರೈಲಿನಲ್ಲಿ ನಿದ್ದೆ ಮಾಡಿದ್ದೂ ನಿಜ. ಆದರೆ ರೈಲಿನಲ್ಲಿ ಮಲಗಿದ್ದರಿಂದ ಯಾರಿಗೂ ಹಾಡು ಬರುವುದಿಲ್ಲ. ಅವರು ಊರು ಬಿಡುವ ಹೊತ್ತಿಗೆ ಮೂರು–ನಾಲ್ಕು ವರ್ಷಗಳಿಂದ ಬಿಡದೆ ಬರೆದು, ಮುದ್ರಿಸಿ, ಹಾಡಿ, ತಮ್ಮ ಸಿ.ಡಿ.ಗಳನ್ನು ತಾವೇ ಮಾರಿದ್ದರು. ತಂದೆ–ತಾಯಿ ಕಲೆಯ ನಂಟಿದ್ದವರು, ಮಗನ ಬೆನ್ನಿಗಿದ್ದರು. ಅವರು ಹೋದ ನಗರದಲ್ಲಿ ವಾರದ ಪ್ರತಿ ರಾತ್ರಿಯೂ ಎಲ್ಲಾದರೊಂದು ಕಡೆ ಹೊಸಬರಿಗೆ ಹಾಡಲು ಮೈಕು ಸಿಗುತ್ತಿತ್ತು.

ಹಾಡು ಬರೆಯುವುದನ್ನು ಶೀರನ್ ಬಹಳ ದಿನ ಬಳಸದ ಕೊಳಾಯಿಗೆ ಹೋಲಿಸುತ್ತಾರೆ: ತಿರುಗಿಸಿದೊಡನೆ ಮೊದಲು ಕೊಳೆ ನೀರು ಬರುತ್ತದೆ, ಅದೆಲ್ಲ ಹರಿದುಹೋದ ಮೇಲೆಯೇ ತಿಳಿನೀರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಬೋರು ಹೊಡೆಸಿ ಮೋಟರು ಇಳಿಸಿದ ದಿನ ಬರುವ ರಾಡಿ ನೀರನ್ನು ನೋಡಿ ಯಾರೂ ಬೋರು ಮುಚ್ಚುವುದಿಲ್ಲ, ಅದನ್ನು ಕೊಡದಲ್ಲಿ ಹಿಡಿದು ಅಡಿಗೆಗೆ ಒಯ್ಯುವುದೂ ಇಲ್ಲ, ತಿಳಿಯಾಗುವವರೆಗೆ ಹರಿಯಬಿಡುತ್ತಾರೆ. ಅವರು ಹುಟ್ಟುಗಾಯಕರೂ ಅಲ್ಲ. ಹದಿಹರೆಯದಲ್ಲಿ ತಾವು ಅಪಸ್ವರದಲ್ಲಿ ಹಾಡಿದ್ದ ಹಳೆಯ ಮುದ್ರಿಕೆಯನ್ನು ಬ್ರಿಟನ್ನಿನ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ತಾವಾಗಿಯೇ ಎಲ್ಲರಿಗೂ ಕೇಳಿಸಿ, ಹಾಡುವುದು ಕಲಿತು ಬರುವ ವಿದ್ಯೆ ಎಂದು ತೋರಿಸಿಕೊಟ್ಟರು.

ನಿಮ್ಮ ಮಗನಿಗೆ ನಾನು ಹೇಳುವುದಿಷ್ಟು. ಡಿಗ್ರಿ ಮುಗಿಯಲು ಉಳಿದಿರುವ ಎರಡು ವರ್ಷಗಳಲ್ಲಿ ನೂರು ಹಾಡು ಬರೆಯಲಿ. ಕಾಲೇಜಿನ ಗ್ಯಾದರಿಂಗು, ಗಣಪತಿಯ ಪೆಂಡಾಲು, ರಾಜ್ಯೋತ್ಸವ, ಊರ ಜಾತ್ರೆ, ಮದುವೆಯ ಹಿಂದಿನ ರಾತ್ರಿ, ಎಲ್ಲಿ ಐದು ನಿಮಿಷ ಕೊಟ್ಟರೂ ಹೋಗಿ ಹಾಡಲಿ. ಆಕಾಶವಾಣಿ ರಾಯಚೂರು, ಬಳ್ಳಾರಿ, ಹೊಸಪೇಟೆಗಳಲ್ಲಿದೆ. ಸುಗಮ ಸಂಗೀತದ ಧ್ವನಿ ಪರೀಕ್ಷೆಗೆ ಅರ್ಜಿ ಹಾಕಲಿ, ತಾನು ಎಲ್ಲಿ ನಿಂತಿದ್ದೇನೆಂಬುದನ್ನು ಮನೆಯವರಲ್ಲದವರ ಕಿವಿಯಿಂದ ತಿಳಿಯಲಿ. ಸ್ವರದ ತಳಪಾಯ ಗಟ್ಟಿಮಾಡಿಕೊಳ್ಳಲು ಗದಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯಲ್ಲಿ ಕಲಿತವರು ನಿಮ್ಮ ಸುತ್ತಮುತ್ತಲೇ ಸಿಗುತ್ತಾರೆ. ಗಿಟಾರು ಹಿಡಿದವನಿಗೆ ಹಾರ್ಮೋನಿಯಂ ಮುಂದೆ ಕುಳಿತು ಸರಿಗಮ ಸಾಧಿಸುವುದರಿಂದ ಲಾಭವೇ ಹೊರತು ನಷ್ಟವಿಲ್ಲ. ಇಷ್ಟೆಲ್ಲ ಆದಮೇಲೂ ಬೆಂಗಳೂರು ಕರೆದರೆ, ಆಗ ಆರು ತಿಂಗಳ ಬಾಡಿಗೆ ಕೈಯಲ್ಲಿ ಕೊಟ್ಟು ನೀವೇ ಕಳಿಸಿಕೊಡಿ, ಅಂಜಬೇಡಿ.

ಪ್ರಶ್ನೆ: 2025ರಲ್ಲಿ ಬೆಂಗಳೂರಿಗೆ ಬಂದಾಗ ಎಡ್ ಶೀರನ್ ತೆಲುಗು ಹಾಡು ಹಾಡಿದರಂತೆ, ಕನ್ನಡ ಹಾಡಲಿಲ್ಲವಂತೆ. ಇದು ನಮಗೆ ಅವಮಾನವಲ್ಲವೇ?
– ಓದುಗ, ಸಿರುಗುಪ್ಪ

ಉತ್ತರ: 2025ರ ಫೆಬ್ರವರಿಯ ಬೆಂಗಳೂರು ಕಚೇರಿಯಲ್ಲಿ ಅವರು ಗಾಯಕಿ ಶಿಲ್ಪಾ ರಾವ್ ಅವರೊಡನೆ ತೆಲುಗು ಸಿನಿಮಾ ಗೀತೆಯ ಸಾಲುಗಳನ್ನು ಹಾಡಿದ್ದು ನಿಜ, ಆ ಗೀತೆಯನ್ನು ಮೂಲದಲ್ಲಿ ಹಾಡಿದವರು ಶಿಲ್ಪಾ ಅವರೇ. ಕನ್ನಡದ ರಾಜಧಾನಿಯಲ್ಲಿ ಕನ್ನಡದ ಒಂದು ಸಾಲು ಕೇಳಬೇಕೆಂಬ ಆಸೆ ನನಗೂ ಇತ್ತು, ಅದು ಈಡೇರದ ಕೊರಗು ಈಗಲೂ ಇದೆ. ಆದರೆ ಅವಮಾನವೆಂದು ನಾನು ಭಾವಿಸುವುದಿಲ್ಲ. ಸಿರುಗುಪ್ಪದಲ್ಲಿ ಬೆಳೆದ ನಿಮಗೂ, ಬಳ್ಳಾರಿಯಲ್ಲಿ ನೆಲೆಸಿದ ನನಗೂ ತೆಲುಗು ಪಕ್ಕದ ಮನೆಯ ಮಾತಲ್ಲವೇ? ಹೊರಗಿನಿಂದ ಬಂದ ಗಾಯಕರ ಕೈಗೆ ನಮ್ಮ ಹಾಡನ್ನು ಮುಟ್ಟಿಸುವವರು ನಮ್ಮಲ್ಲೇ ಹುಟ್ಟಬೇಕು. ಅದೇ ಪ್ರವಾಸದಲ್ಲಿ ಚೆನ್ನೈನಲ್ಲಿ ಎ. ಆರ್. ರೆಹಮಾನ್ ಅವರೊಡನೆ ಅವರು ಹಾಡಿದ್ದನ್ನು ನೆನೆಯಿರಿ. ಅಲ್ಲಿ ತಮಿಳು ಕೇಳಿಸಿದ್ದು ರೆಹಮಾನ್ ಜೊತೆಗೆ ನಿಂತಿದ್ದರಿಂದ.

ಪ್ರಶ್ನೆ: ನಾನು ಬರೆದು ಹಾಡಿದ ಹಾಡನ್ನು ಯೂಟ್ಯೂಬಿಗೆ ಹಾಕಿದೆ. ಪಲ್ಲವಿ ಒಂದು ಸಿನಿಮಾ ಹಾಡಿನಂತೆಯೇ ಇದೆ, ಕದ್ದಿದ್ದೀಯ ಎಂದು ಕೆಲವರು ಬೈಯುತ್ತಿದ್ದಾರೆ. ಆ ಸಿನಿಮಾ ಹಾಡು ನನ್ನ ತಲೆಯಲ್ಲೂ ಇರಲಿಲ್ಲ. ಹಾಡನ್ನು ತೆಗೆದುಬಿಡಲೇ? ಹಾಡಿನ ಮುದ್ರಣ ಕಳಿಸಿದ್ದೇನೆ.
– ಓದುಗ, ಸಂಡೂರು

ಉತ್ತರ: ತೆಗೆಯಬೇಡಿ. ಈ ಆಪಾದನೆಯನ್ನು ಶೀರನ್ ಎರಡು ದೇಶಗಳ ನ್ಯಾಯಾಲಯಗಳಲ್ಲಿ ಎದುರಿಸಿದರು. 2017ರ ಅವರ ಅತಿ ಜನಪ್ರಿಯ ಹಾಡಿನ ಒಂದು ಸಣ್ಣ ಸ್ವರಗುಚ್ಛ ತಮ್ಮದೆಂದು ಇಬ್ಬರು ದಾವೆ ಹೂಡಿದ್ದರು. 2022ರ ಏಪ್ರಿಲ್ 6ರಂದು ಲಂಡನ್ನಿನ ಹೈಕೋರ್ಟು, ಶೀರನ್ ತಿಳಿದೂ ನಕಲು ಮಾಡಿಲ್ಲ, ತಿಳಿಯದೆಯೂ ಮಾಡಿಲ್ಲ ಎಂದು ತೀರ್ಪು ಕೊಟ್ಟಿತು. ಮರುವರ್ಷ ನ್ಯೂಯಾರ್ಕ್‌ನಲ್ಲಿ ಇನ್ನೊಂದು ಮೊಕದ್ದಮೆ. 1973ರ ಹಾಡೊಂದರ ಸ್ವರಮೇಳಗಳ ಸಾಲನ್ನು, ಅಂದರೆ ಗಿಟಾರಿನವರು ‘ಕಾರ್ಡ್ಸ್’ ಎನ್ನುವುದನ್ನು, ಅವರು ಎತ್ತಿಕೊಂಡಿದ್ದಾರೆಂಬ ಆರೋಪ. ಸಾಕ್ಷಿಯ ಕಟ್ಟೆಯಲ್ಲೇ ಗಿಟಾರು ಹಿಡಿದು ಅವರು ನುಡಿಸಿ ತೋರಿಸಿದರು. ಆ ಸಾಲು ಹಾಡು ಕಟ್ಟುವವರೆಲ್ಲ ಬಳಸುವ ಇಟ್ಟಿಗೆ, ಯಾರೊಬ್ಬರ ಸೊತ್ತೂ ಅಲ್ಲ ಎಂಬ ಅವರ ವಾದದ ಕಡೆಗೇ 2023ರ ಮೇ 4ರಂದು ಪಂಚರ ತೀರ್ಪು ಬಂದಿತು. ಭೂಪ ರಾಗದ ಐದು ಸ್ವರ ಬಳಸಿದವರೆಲ್ಲ ಕಳ್ಳರಾದರೆ ನಮ್ಮಲ್ಲಿ ಸಾಧು ಯಾರು ಉಳಿದಾರು? ರಾಗ, ತಾಳ, ಸ್ವರಮೇಳ ಎಲ್ಲರವು. ಅವುಗಳಿಂದ ನೀವು ಕಟ್ಟಿದ ಧಾಟಿ ಮತ್ತು ನುಡಿ ನಿಮ್ಮವು.

ಗೆದ್ದರೂ ಅವರಿಗೆ ಅದರಿಂದ ಬಹಳ ನೋವಾಯಿತು. ಇಂಥ ಆಪಾದನೆಗಳಿಂದಾಗಿ, ಹಾಡು ಕಟ್ಟಲು ಕುಳಿತಾಗಲೆಲ್ಲ ಕ್ಯಾಮೆರಾ ಹಚ್ಚಿ, ಹಾಡು ಹುಟ್ಟುವುದನ್ನು ಮೊದಲಿನಿಂದಲೂ ಚಿತ್ರೀಕರಿಸಿ ಇಡುತ್ತಿರುವುದಾಗಿ ಅವರು ಹೇಳಿದ್ದಾರೆ. ನೀವು ಮೊಬೈಲಿನಲ್ಲೇ ಅಷ್ಟನ್ನು ಮಾಡಬಹುದು. ಮೊದಲ ಗುನುಗು, ಹೊಡೆದುಹಾಕಿದ ಸಾಲುಗಳಿರುವ ನೋಟ್‌ಬುಕ್ಕಿನ ಹಾಳೆ, ಎಲ್ಲವನ್ನೂ ತಾರೀಖಿನೊಂದಿಗೆ ಕಾದಿಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮೂವತ್ತು ವರ್ಷಗಳ ಹಿಂದೆ ನಾನು ಧಾಟಿ ಹಾಕಿದ್ದ ಒಂದು ಭಾವಗೀತೆ ಬೇರೊಬ್ಬರ ಹೆಸರಿನಲ್ಲಿ ಕ್ಯಾಸೆಟ್ಟಾಗಿ ಬಂದಾಗ, ಅದು ನನ್ನದೆಂದು ತೋರಿಸಲು ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಕಾನೂನು ನಿಮ್ಮ ಕಡೆಗಿದೆ ಎಂಬುದೂ ತಿಳಿದಿರಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡನ್ನು ರಚಿಸಿದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ಕರ್ತೃವಿನ ನಂತರವೂ 60 ವರ್ಷ ಬಾಳುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಸಾಕ್ಷಿಗೆ ಬಲ ಬರುತ್ತದೆ. 2012ರ ತಿದ್ದುಪಡಿಯ ಬಳಿಕ, ಸಿನಿಮಾಕ್ಕೆ ಹಾಡು ಕೊಟ್ಟರೂ ಚಿತ್ರಮಂದಿರದ ಹೊರಗಿನ ಬಳಕೆಯ ಗೌರವಧನದಲ್ಲಿ ಸಾಹಿತಿಗೂ ಸಂಯೋಜಕರಿಗೂ ಸಮಪಾಲಿದೆ, ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ಊರ್ಜಿತವಾಗುವುದಿಲ್ಲ. ನಾಳೆ ಯಾರಾದರೂ ಕಾಗದ ಮುಂದಿಟ್ಟು ರುಜು ಕೇಳಿದರೆ, ಅದನ್ನು ಮನೆಗೆ ತಂದು ತಿಳಿದವರಿಗೆ ತೋರಿಸಿದ ನಂತರವೇ ಪೆನ್ನು ಎತ್ತಿಕೊಳ್ಳಿ. ನಮ್ಮ ದಾಸರು ಪದದ ಕೊನೆಗೆ ಅಂಕಿತವಿಟ್ಟದ್ದು ಭಕ್ತಿಯಿಂದ. ಆದರೂ ಯಾವ ಪದ ಯಾರದೆಂದು ಇಂದು ಮುಖ್ಯವಾಗಿ ಗುರುತಿಸುತ್ತಿರುವುದು ಆ ಅಂಕಿತದಿಂದಲೇ.

ಕಳಿಸಿದ ಮುದ್ರಣವನ್ನು ಆ ಸಿನಿಮಾ ಹಾಡಿನ ಪಕ್ಕದಲ್ಲಿಟ್ಟು ಕೇಳಿದೆ. ಎರಡರ ಪಲ್ಲವಿಗೂ ಆಧಾರವಾದ ಸ್ವರಮೇಳಗಳು ಒಂದೇ, ಲಯವೂ ಹತ್ತಿರದ್ದು. ಆದರೆ ನಿಮ್ಮ ಧಾಟಿ ಎರಡನೆಯ ಸಾಲಿನಲ್ಲೇ ಬೇರೆ ದಾರಿ ಹಿಡಿದು ಪಂಚಮದ ಮೇಲೆ ನಿಲ್ಲುತ್ತದೆ. ಅಲ್ಲಿ ಗಣಿಯ ಕೆಂಪು ದೂಳು ಅಂಗಳದ ರಂಗೋಲಿಯ ಮೇಲೆ ಕೂಡುವುದನ್ನು ಹೇಳುವ ಸಾಲು ಸಂಡೂರಿನವರೊಬ್ಬರೇ ಬರೆಯಬಲ್ಲದ್ದು, ನನಗೆ ತುಂಬ ಹಿಡಿಸಿತು. ಪಲ್ಲವಿ ಹಾಗೆಯೇ ಇರಲಿ. ಮೂರನೆಯ ಚರಣವನ್ನು ಮಾತ್ರ ಹೊಸದಾಗಿ ಬರೆಯಿರಿ. ಪ್ರಾಸಕ್ಕಾಗಿ ತಂದ ಪದಗಳು ಅಲ್ಲಿ ತುಂಬಿಕೊಂಡು, ಮೊದಲ ಎರಡು ಚರಣಗಳಲ್ಲಿ ಕೇಳಿಸುತ್ತಿದ್ದ ನಿಮ್ಮ ಓಣಿಯ ದನಿ ಕೇಳದಂತಾಗಿದೆ. ಬರೆದು ಮುಗಿದ ಮೇಲೆ ಇನ್ನೊಮ್ಮೆ ಕಳಿಸಿ.